ಲಿಗೋರಿಯ ಈಸ್ಟು

ಹುದುಗುವಾಗ ಈಸ್ಟು ತನ್ನನ್ನು ಬೆಳೆಸಿದವರ ದನಿಯಲ್ಲೇ ಗುನುಗುವುದರಿಂದ, ಮಂಗಳೂರಿನ ಸದಾಶಿವರ ಈಸ್ಟಿನ ಅಂಗಡಿಯಲ್ಲಿ ಗಿರಾಕಿಗಳು ಕಿವಿಗೊಟ್ಟು ಆರಿಸುತ್ತಿದ್ದರು. ಫ್ಲೋರಿನ್ ಬಾಯಿ ಮಾತ್ರ ಕೇಳಿದ್ದು ಗಂಡ ಲಿಗೋರಿ ಬೆಳೆಸಿದ್ದ ಈಸ್ಟನ್ನು. ಅವರು ತೀರಿಕೊಂಡಂದಿನಿಂದ ಹದಿನೆಂಟು ವರ್ಷ ಅದು ಅಲ್ಲಿನ ಫ್ರಿಜ್ಜಿನಲ್ಲಿ ಮೌನವಾಗಿ ಮಲಗಿತ್ತು.

“ಮಗಳ ಮದುವೆಗೆ ಗಟ್ಟಿ ಬಿಯರ್ ಮಾಡ್ಬೇಕು,” ಎಂದರು.

“ಗಟ್ಟಿ ಬಿಯರಿಗೆ ಬೇಕಾದಷ್ಟು ಸಿಹಿಯಾದ ಮಾಲ್ಟಿನ ರಸವನ್ನು ಈ ಹಳೇ ಈಸ್ಟು ತಡೆಯುದಿಲ್ಲ ಬಾಯಮ್ಮ. ಅರ್ಧದಲ್ಲೇ ಸಾಯ್ತದೆ,” ಎಂದ ಸದಾಶಿವ ಇನ್ನೊಂದು ಬಾಟಲಿ ಮುಂದಿಟ್ಟರು. “ಇದು ಕೊನೆವರೆಗೆ ನಿಲ್ತದೆ.”

ಅದರೊಳಗೆ ಯಾರೋ ಅಪರಿಚಿತ ಹೆಂಗಸು ಇಂಪಾಗಿ ಗುನುಗುತ್ತಿದ್ದಳು. ಫ್ಲೋರಿನ್ ಬಾಯಿ ತುಸು ಹೊತ್ತು ಕೇಳಿ, ಬಾಟಲಿಯನ್ನು ಹಿಂದೆ ಸರಿಸಿದರು.

“ರಸವನ್ನೇ ತೆಳು ಮಾಡ್ತೇನೆ, ಬಿಯರ್ ಗಟ್ಟಿಯಾಗದಿದ್ರೂ ಅಡ್ಡಿಯಿಲ್ಲ. ಅವರದ್ದೇ ಕೊಡಿ.”

ಮೂರನೆಯ ದಿನ ಬೆಳಿಗ್ಗೆ ಅಡುಗೆಮನೆಯ ಪೀಪಾಯಿಯಿಂದ ಗಡಸು ದನಿಯೊಂದು ಎದ್ದಿತು. ಅಪ್ಪ ಹೋದಾಗ ನಾಲ್ಕು ವರ್ಷದವಳಾಗಿದ್ದ ಮಗಳು ಜೆನಿಟಾ, ಇಸ್ತ್ರಿ ಹಾಕುತ್ತಿದ್ದ ಸೀರೆಯನ್ನು ಬಿಟ್ಟು ಬಂದು ಪೀಪಾಯಿಗೆ ಕಿವಿಯಾನಿಸಿದಳು. ಬಹಳ ಹೊತ್ತು ಏಳಲಿಲ್ಲ.

“ಪಪ್ಪ ಇಷ್ಟು ಅಪಸ್ವರದಲ್ಲಿ ಹಾಡ್ತಿದ್ರಾ ಮಮ್ಮಿ?”

“ಇಗರ್ಜಿಯ ಪೂಜೆಯಲ್ಲಿ ಹಾಡುವಾಗ ಅವರಿಗೆ ಯಾವಾಗ್ಲೂ ಕೊನೆಯ ಬೆಂಚೇ,” ಎಂದ ಫ್ಲೋರಿನ್ ಬಾಯಿ, ಮಗಳ ಪಕ್ಕ ನೆಲದ ಮೇಲೆ ಕುಳಿತು ತಾವೂ ಕಿವಿಯಾನಿಸಿದರು.