ಏಳನೇ ಚೀಲ

ಮೊದಲ ಮಳೆ ಬಿದ್ದು ಮೂರು ದಿನವಾಗಿತ್ತು. ನೆಲ ಹದಕ್ಕೆ ಬಂದಿತ್ತು. ಹೊತ್ತು ಮೇಲೇರುವ ಮೊದಲೇ ಬೀಜದ ಕೋಣೆಯ ಮುಂದೆ ಜನ ನೆರೆದಿದ್ದರು. ಬಿತ್ತಲು ಬೀಜ ಒಯ್ಯುವವರು ಒಂದು ಕಡೆ. ಹೋದ ಸಲ ಸಾಲವಾಗಿ ಒಯ್ದು, ಕೊಯ್ಲು ಮುಗಿದ ಕೂಡಲೇ ಹಿಂತಿರುಗಿಸಬೇಕಾಗಿದ್ದ ಬೀಜವನ್ನು ಈಗ ನೆನಪಾಗಿ ತಂದವರು ಇನ್ನೊಂದು ಕಡೆ. ಒಳಗೆ ಕಂಪ್ಯೂಟರಿನ ಮುಂದೆ ಗುಮಾಸ್ತೆ, ಪಕ್ಕದ ಸ್ಟೂಲಿನ ಮೇಲೆ ಅವಳ ದೊಡ್ಡಮ್ಮ. ಮೂವತ್ತು ವರ್ಷ ಈ ಕೋಣೆಯನ್ನು ನೋಡಿಕೊಂಡ ದೊಡ್ಡಮ್ಮನಿಗೆ ಈಗ ಕಣ್ಣು ಮಂಜಾಗಿತ್ತು.

"ಏನಮ್ಮ, ನಿನ್ನ ಎಐ ಇವತ್ತಾದ್ರೂ ಸರಿಯಾಗಿ ಹೇಳುತ್ತೋ ಇಲ್ವೋ?" ಎನ್ನುತ್ತ, ಕೋಣೆ ನಡೆಸುವ ರೈತರ ಸಂಘದ ಅಧ್ಯಕ್ಷರು ಭಾವಮೈದುನನನ್ನು ಮುಂದಿಟ್ಟುಕೊಂಡು ಒಳಗೆ ಬಂದರು. "ಇವತ್ತೊಂದು ದಿನ ನೋಡ್ತೀನಿ. ಆಗಲಿಲ್ಲ ಅಂದ್ರೆ ಕೋಣೆ ಮುಚ್ಚಿಬಿಡೋಣ. ಎಲ್ಲರೂ ಅಂಗಡಿ ಬೀಜ ತಂದು ಬಿತ್ತಿಕೊಳ್ಳಲಿ."

ಆ ಎಐ ಆ್ಯಪ್‌ಗೆ ಲೋಕದ ವಿಷಯವೆಲ್ಲ ಗೊತ್ತಿತ್ತು, ಈ ಕೋಣೆಯ ಚೀಲಗಳ ವಿಷಯ ಮಾತ್ರ ಗೊತ್ತಿರಲಿಲ್ಲ. ಅದನ್ನು ತಿಳಿಸಿಕೊಡಲು ಆ್ಯಪ್‌ಗೆ ಜೋಡಿಸುವ ಪ್ಲಗಿನ್ ಒಂದನ್ನು ಗುಮಾಸ್ತೆ ಸಿದ್ಧ ಮಾದರಿಯೊಂದರಿಂದ ಮಾಡಿದ್ದಳು. ಗ್ರಂಥಾಲಯಕ್ಕೆಂದು ಯಾರೋ ಬರೆದಿಟ್ಟ ಟೆಂಪ್ಲೇಟ್. ಪುಸ್ತಕ ಎಂದಿದ್ದಲ್ಲಿ ಬೀಜ, ಓದುಗ ಎಂದಿದ್ದಲ್ಲಿ ರೈತ ಎಂದು ಬದಲಿಸಿ, ಕೆಲಸ ಮುಗಿಯಿತು ಅಂದುಕೊಂಡಿದ್ದಳು. ಹೋದ ತಿಂಗಳು ಪರೀಕ್ಷೆಗೆಂದು ಕೇಳಿದರೆ, ವಾಪಸ್ ಬಂದ ಚೀಲಗಳನ್ನೆಲ್ಲ ಅದು 'ಕೊಡಬಹುದು' ಎಂದಿತು. ದೊಡ್ಡಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

"ಪುಸ್ತಕ ವಾಪಸ್ ಬಂದ್ರೆ ಪುಸ್ತಕಾನೇ ಕಣೇ. ಬೀಜ ವಾಪಸ್ ಬಂದ್ರೆ ಅದು ಬೀಜಾನೋ ಹೊಟ್ಟೋ, ಮೊಳಕೆ ಹೇಳಬೇಕು."

ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಬೇಕು. ಐದನೇ ದಿನ ಬಿಚ್ಚಿದಾಗ ಎಂಬತ್ತಾದರೂ ಮೊಳೆತಿದ್ದರೆ ಮಾತ್ರ ತಂದವರ ಸಾಲ ತೀರಿದಂತೆ. ಇದು ದೊಡ್ಡಮ್ಮನ ಕ್ರಮ. ಚೀಲಗಳೆಲ್ಲ ಒಂದೇ ಥರ, ಮೇಲೆ ಬರೀ ನಂಬರು. ಯಾರು ತಂದದ್ದೆಂಬುದು ಅವಳ ತಲೆಯಲ್ಲಿ. ಟೆಂಪ್ಲೇಟಿನಲ್ಲಿ ಇಲ್ಲದ ಆ ಒಂದು ಹೆಜ್ಜೆಯನ್ನು ಗುಮಾಸ್ತೆ ತಾನೇ ಬರೆದು ಸೇರಿಸಿದಳು. ಆಮೇಲೆ ಮೂರು ವಾರ ದೊಡ್ಡಮ್ಮ ಬಟ್ಟೆ ಬಿಚ್ಚಿ, ಬೆರಳಲ್ಲಿ ತಡವಿ ಮೊಳಕೆ ಎಣಿಸಿದಳು, ಹೆಸರು ಹೇಳಿದಳು. ಇವಳು ಒಂದೊಂದನ್ನೂ ಟೈಪ್ ಮಾಡಿದಳು.

"ಇವನಿಗೆ ಒಂದು ಚೀಲ ಜೋಳ ಬೇಕು. ಹುಡುಕೋದೇನು ಬಂತು, ಇಗೋ, ಈ ಏಳನೇದು ಕೊಡು," ಎಂದರು ಅಧ್ಯಕ್ಷರು. ಭಾವಮೈದುನ ಆಗಲೇ ಚೀಲವನ್ನು ಹೆಗಲಿಗೇರಿಸಿದ್ದ.

ಗುಮಾಸ್ತೆ ಎಐಯನ್ನು ಕೇಳಿದಳು. ಪರದೆಯ ಮೇಲೆ ಬಂದದ್ದನ್ನು ಗಟ್ಟಿಯಾಗಿ ಓದಿದಳು: "ಏಳನೇ ಚೀಲವನ್ನು ಬಿತ್ತನೆಗೆ ಕೊಡಬೇಡಿ. ನೂರಕ್ಕೆ ಮೂವತ್ತೊಂದೇ ಮೊಳೆತಿವೆ. ತಂದವರ ಸಾಲ ತೀರಿಲ್ಲ."

ಭಾವಮೈದುನ ಚೀಲವನ್ನು ದೊಪ್ಪೆಂದು ಇಳಿಸಿದ. ಅಧ್ಯಕ್ಷರ ಹುಬ್ಬು ಮೇಲೇರಿತು. "ಅಬ್ಬಾ, ಇವನ ಹೊಲ ಹಾಳಾಗಿ ಹೋಗ್ತಿತ್ತಲ್ಲ! ಯಾವ ಪುಣ್ಯಾತ್ಮ ತಂದು ಸುರಿದಿದ್ದು ಇದನ್ನ? ಹೆಸರು ಓದಮ್ಮ, ಹೊರಗಿರೋರಿಗೂ ಕೇಳಲಿ."

ಗುಮಾಸ್ತೆ ಪರದೆ ನೋಡಿದಳು. ದೊಡ್ಡಮ್ಮನ ಕಡೆ ತಿರುಗಿದಳು.

"ಓದೇ," ಎಂದಳು ದೊಡ್ಡಮ್ಮ, ಏನೂ ಅರಿಯದವಳಂತೆ. "ಅಧ್ಯಕ್ಷರೇ ಕೇಳ್ತಿದಾರೆ."

"ನಿಮ್ಮದೇ ಸರ್," ಎಂದಳು ಗುಮಾಸ್ತೆ.

ಮೊದಲು ನಕ್ಕವನು ಭಾವಮೈದುನ. "ನಿಮಗೆ ಅಕ್ಕನ್ನ ಕೊಟ್ಟವರಿಗೇ ಹೊಟ್ಟು ಬಿತ್ತಿಸ್ತಿದ್ರಲ್ಲ ಭಾವ!"

"ಸೋರೋ ಕೊಟ್ಟಿಗೇಲಿ ಇಟ್ಟಿದ್ದೆ, ಗಮನಿಸಲಿಲ್ಲ," ಎಂದರು ಅಧ್ಯಕ್ಷರು. ಕಿವಿ ಕೆಂಪಾಗಿತ್ತು. ಬಗ್ಗಿ ಚೀಲವನ್ನು ತಾವೇ ಹೆಗಲಿಗೆ ಹಾಕಿಕೊಂಡರು. "ಮುಚ್ಚೋ ಮಾತು ಮುಗೀತು ಕಣಮ್ಮ. ನನ್ನ ಸಾಲ ಹಾಗೇ ಇರಲಿ. ಬೇರೆ ಬೀಜ ತರ್ತೀನಿ."

"ತನ್ನಿ, ತನ್ನಿ," ಎಂದಳು ದೊಡ್ಡಮ್ಮ. "ಅದರದ್ದೂ ನೂರು ಕಾಳು ಎಣಿಸ್ತೀವಿ."

ಗುಮಾಸ್ತೆ ಬೆನ್ನು ನೆಟ್ಟಗೆ ಮಾಡಿ ಕೂತು, ಬೀದಿಗೆಲ್ಲ ಕೇಳುವಂತೆ ಕೂಗಿದಳು: "ಮುಂದಿನವರು ಬನ್ನಿ!"

ಹೊರಗೆ, ಬೀಜ ಹಿಂತಿರುಗಿಸಲು ಬಂದಿದ್ದ ಇಬ್ಬರು, ಯಾರೂ ಏನೂ ಹೇಳದಿದ್ದರೂ, ತಮ್ಮ ಚೀಲಗಳನ್ನು ಮತ್ತೆ ಸೈಕಲ್ಲಿಗೆ ಏರಿಸಿ ಕಟ್ಟುತ್ತಿದ್ದರು.