ನಮ್ಮವರ ಮಂಟಪ

ಜಾತಿ ಬಿಡಿರೆಂದು ಬದುಕಿಡೀ ಊರೂರು ಅಲೆದ ಮಹನೀಯರೊಬ್ಬರ ಹೆಸರಿನಲ್ಲಿ ಅವರು ಹುಟ್ಟಿದ ಜಾತಿಯ ಸಂಘ ಕಲ್ಯಾಣ ಮಂಟಪ ಕಟ್ಟಿಸಿತ್ತು. ಮೊಮ್ಮಗಳ ಮದುವೆಗೆ ಅದನ್ನು ಕೇಳಲು ಅಜ್ಜಿಯೊಬ್ಬಳು ಬಂದಳು.

"ನಮ್ಮ ಜನಕ್ಕೆ ಮಾತ್ರ ಕೊಡೋದು ಕಣಮ್ಮ. ನೀವು ಯಾವ ಪೈಕಿ?" ಎಂದರು ಕಾರ್ಯದರ್ಶಿ.

ಅಜ್ಜಿ ಗೋಡೆಯ ಮೇಲಿನ ಹಾರ ಹಾಕಿದ ಪಟ ತೋರಿಸಿದಳು. "ಅವರ ಮಗಳಪ್ಪ ನಾನು."

ಕಾರ್ಯದರ್ಶಿ ದಡಬಡನೆ ಎದ್ದು ಕಾಲಿಗೆ ಬಿದ್ದರು. ಕುರ್ಚಿ ಒರೆಸಿ ಕೂರಿಸಿ ಕಾಫಿ ತರಿಸಿದರು. "ನಿಮ್ಮಪ್ಪಾರು ನಮ್ಮ ಕುಲದ ದೀಪ ತಾಯಿ!"

"ಹಂಗಾದ್ರೆ ಮಂಟಪ ಕೊಡಪ್ಪ."

"ಅದೊಂದು ಆಗಲ್ಲ," ಕಾರ್ಯದರ್ಶಿ ಕೈಮುಗಿದರು. "ಅವರೇನೋ ನಮ್ಮವರೇ. ಆದ್ರೆ ನೀವು, ಅವರು ಬೇರೆ ಜಾತೀಲಿ ಮದುವೆಯಾಗಿ ಕುಲಗೆಟ್ಟ ಮೇಲೆ ಹುಟ್ಟಿದೋರಲ್ವಾ?"