ನಾಲ್ಕನೇ ಸಲ

"ನಾಜಿಮಾ, ಬಾಗಿಲು ತೆಗಿಯೇ. ತಪ್ಪಾಯ್ತು, ಕ್ಷಮಿಸು."

ಜೆರುಸಲೇಮಿನ ಇಕ್ಕಟ್ಟು ಓಣಿಯೊಂದರಲ್ಲಿ ಹಬೀಬಾ ನಾದಿನಿಯ ಬಾಗಿಲು ಬಡಿಯುತ್ತಿದ್ದಳು. ಸೂರ್ಯ ಮುಳುಗಿದರೆ ಯೋಮ್ ಕಿಪ್ಪೂರ್, ಯೆಹೂದಿಗಳ ಪ್ರಾಯಶ್ಚಿತ್ತದ ದಿನ. ಮರುದಿನ ಕತ್ತಲಾಗುವವರೆಗೆ ಹನಿ ನೀರೂ ಇಲ್ಲದ ಉಪವಾಸ. ದೇವರಿಗೆ ಮಾಡಿದ ತಪ್ಪನ್ನು ಆ ಉಪವಾಸ ತೊಳೆದೀತು. ನಾದಿನಿಗೆ ಮಾಡಿದ್ದನ್ನು ನಾದಿನಿಯೇ ಮನ್ನಿಸಬೇಕು.

ಮಾಡಿದ್ದು ಸಣ್ಣದೇನಲ್ಲ. ನಾಜಿಮಾಳ ಮಗಳ ಮದುವೆಯಲ್ಲಿ, ಬೀಗರ ಎದುರೇ, "ಗಂಡನ್ನ ಉಳಿಸಿಕೊಳ್ಳೋಕಾಗದವಳು ಮಗಳಿಗೇನು ಸಂಸಾರ ಕಲಿಸ್ತಾಳೆ" ಎಂದು ನಾಲಿಗೆ ಹರಿಬಿಟ್ಟಿದ್ದಳು. ನೆನೆದರೆ ಈಗಲೂ ಮೈ ಹಿಡಿಯಾಗುತ್ತಿತ್ತು. ಈ ವಾರ ಎರಡು ಸಲ ಬಂದು ಬೇಡಿದ್ದಳು. ಎರಡು ಸಲವೂ ನಾಜಿಮಾ ಮುಖಕ್ಕೇ ಬಾಗಿಲು ಹಾಕಿದ್ದಳು. ಇದು ಮೂರನೆಯದು. ಪದ್ಧತಿಯಂತೆ ಹಬೀಬಾಳ ಗಂಡ ಶಾವುಲ್ ಮತ್ತು ನೆರೆಯವರಿಬ್ಬರು ಸಾಕ್ಷಿಗೆ ನಿಂತಿದ್ದರು.

"ಆಗಲ್ಲ, ಹೋಗು!" ಒಳಗಿನಿಂದ ನಾಜಿಮಾ ಕಿರುಚಿದಳು.

ಶಾವುಲ್ ನಿಟ್ಟುಸಿರುಬಿಟ್ಟ. "ಮುಗೀತು ಕಣೇ. ಮೂರು ಸಲ ಕೇಳಿದೆ, ಕ್ಷಮಿಸಲಿಲ್ಲ. ಇನ್ನು ನೀನು ನಿರಾಳ, ಪಾಪ ಅವಳ ತಲೆಗೆ. ನಡಿ, ಪ್ರಾರ್ಥನೆಗೆ ಹೊತ್ತಾಯ್ತು." ನೆರೆಯವರೂ ಹೌದೌದೆಂದು ತಲೆಯಾಡಿಸಿ ಹೊರಟೇಬಿಟ್ಟರು.

ಹಬೀಬಾ ಅವರ ಹಿಂದೆ ಹೊರಟಳು. ಮನಸ್ಸು ಹಗುರಾಗಬೇಕಿತ್ತು, ಆಗಲಿಲ್ಲ. ಅಯ್ಯೋ, ನೋಯಿಸಿದ್ದು ನಾನು, ಪಾಪ ಹೊರುವವಳು ಅವಳೇ? ಇದ್ಯಾವ ನ್ಯಾಯ? ದಡಬಡ ತಿರುಗಿ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಏನೇ ಇದು ಹೊಸ ರಗಳೆ?" ಎಂದ ಶಾವುಲ್.

"ನೀವು ಹೋಗ್ರೀ." ಬಾಗಿಲ ಕಡೆ ತಿರುಗಿದಳು. "ನಾಜಿಮಾ, ನನ್ನ ಪಾಪ ಕಳೀತಂತೆ, ನಿಮ್ಮಣ್ಣ ಹೇಳ್ತಿದಾರೆ. ಮೂರು ಸಲ ನನಗೋಸ್ಕರ ಕೇಳಿದೆ. ಈಗ ನಿನಗೋಸ್ಕರ ಕೇಳ್ತಿದೀನಿ. ನಿನ್ನನ್ನ ಅಳಿಸಿದ್ದು ಸಾಲದು ಅಂತ ನನ್ನ ಪಾಪಾನೂ ನಿನ್ನ ಮೇಲೆ ಹೊರಿಸಿ ಹೋಗ್ಲಾ? ನಾನಂತೂ ಏಳಲ್ಲ. ನಾಳೆ ಸಂಜೆವರೆಗೂ ಇಲ್ಲೇ."

ಬಿಸಿಲು ಗೋಡೆಯ ತುದಿಗೇರಿತು. ಕೊನೆಗೂ ಚಿಲಕ ಸರಿದ ಸದ್ದಾಯಿತು. ನಾಜಿಮಾಳ ಕಣ್ಣುಗಳು ಅತ್ತು ಕೆಂಪಾಗಿದ್ದವು.

"ಎಂಥಾ ಹಟಮಾರಿನಪ್ಪಾ! ಏಳು ಅತ್ತಿಗೆ, ಪ್ರಾರ್ಥನೆಗೆ ಉಟ್ಟ ಬಿಳಿ ಬಟ್ಟೆ ಕೊಳೆಯಾಗುತ್ತೆ. ಕ್ಷಮಿಸಿದೀನಿ. ಆದ್ರೆ ಇನ್ನೊಂದು ಸಲ ಆ ಮಾತು ಬಂದ್ರೆ ನಾಲಿಗೆ ಕಿತ್ತು ಕೈಗೆ ಕೊಡ್ತೀನಿ!"

"ಕೊಡು ಮಾರಾಯ್ತಿ, ಕೊಡು!" ಹಬೀಬಾ ಅಳುತ್ತಲೇ ನಕ್ಕು ಅವಳನ್ನು ಬಾಚಿ ತಬ್ಬಿಕೊಂಡಳು.

"ಬೇಗ ಬನ್ರೇ, ಸ್ವರ್ಗದ ಬಾಗಿಲು ತೆರೆಯೋ ಹೊತ್ತಾಯ್ತು!" ಓಣಿಯ ತುದಿಯಿಂದ ಶಾವುಲ್ ಕೂಗಿದ.

ನಾದಿನಿಯ ಕೈ ಹಿಡಿದು, ತಲೆಯೆತ್ತಿ ನಡೆದು ಬರುತ್ತಿದ್ದ ಹಬೀಬಾ ಓಣಿಗೆಲ್ಲ ಕೇಳುವಂತೆ ಹೇಳಿದಳು: "ಅದು ನಾಳೆ ಸಂಜೆವರೆಗೂ ತೆರೆದೇ ಇರುತ್ತೆ ಕಣ್ರೀ! ಅದಕ್ಕಿಂತ ಕಷ್ಟದ ಬಾಗಿಲು ತೆಗೆಸಿಕೊಂಡು ಬಂದಿದೀನಿ!"